ಒಡೆದ ಪಂಕ್ ಬ್ಯಾಂಡ್ ಮತ್ತೆ ಸ್ಟೇಜ್ ಹತ್ತಿದ್ದು

ನಮ್ಮದು ಮೈಕ್ ಸೆಟ್‌ನವರ ಮನೆ. ಅಪ್ಪ ಯಕ್ಷಗಾನಕ್ಕೆ, ಭಜನೆಗೆ, ಮದುವೆಗೆ, ಕೋಲಕ್ಕೆ ಸೌಂಡ್ ಹಾಕುತ್ತಿದ್ದರು. ಈಗ ನಾನು ಹಾಕುತ್ತೇನೆ. ಈ ಕೆಲಸದಲ್ಲಿ ಎಲ್ಲ ತರದ ಹಾಡೂ ಕಿವಿಗೆ ಬೀಳುತ್ತದೆ. ಆದರೆ ಇದು ನನ್ನದು ಅಂತ ಅನ್ನಿಸಿದ್ದು ಒಂದೇ ಬ್ಯಾಂಡ್. ಮಂಗಳೂರಿನ ನಾಲ್ಕು ಹುಡುಗರ ಪಂಕ್ ಬ್ಯಾಂಡ್ ಅದು. ಪಂಕ್ ಅಂದರೆ ರಾಕ್‌ನದ್ದೇ ಒಂದು ಬಗೆ: ಚಿಕ್ಕ ಹಾಡು, ಭಾರೀ ವೇಗ, ಒರಟು ಸದ್ದು. 2001ರಲ್ಲಿ ಶುರುವಾಯಿತು, 2006ರಲ್ಲಿ ಒಡೆಯಿತು. 2023ರ ಡಿಸೆಂಬರ್‌ನಲ್ಲಿ ಅದೇ ನಾಲ್ವರು ಮತ್ತೆ ಒಟ್ಟಿಗೆ ನುಡಿಸಿದರು. ಹೆಸರು ಹಾಕಬೇಡ ಅಂತ ನಾಲ್ವರೂ ಹೇಳಿದ್ದಾರೆ, ಹಾಗಾಗಿ ಹಾಕುವುದಿಲ್ಲ.

'ಹಳೇ ದೋಸ್ತಿಗಳಲ್ವಾ, ಸೇರಿಕೊಂಡರು' ಅಂತ ಈಗ ಜನ ಸುಲಭವಾಗಿ ಹೇಳುತ್ತಾರೆ. ದೋಸ್ತಿ ಇತ್ತು, ನಿಜ. ಆದರೆ ದೋಸ್ತಿ ಒಂದರಿಂದಲೇ ಬ್ಯಾಂಡ್ ನಡೆಯುವುದಾದರೆ ಅದು ಒಡೆಯುತ್ತಲೇ ಇರಲಿಲ್ಲ. ಒಟ್ಟಾಗುವ ಹಿಂದೆ ಎಷ್ಟು ಕೆಲಸ ಇತ್ತು ಅಂತ ಹತ್ತಿರದಿಂದ ನೋಡಿದವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಮ್ಮೂರಿನಲ್ಲಿ ಗಿಟಾರ್‌ಗೇನೂ ಬರ ಇರಲಿಲ್ಲ. ಇಗರ್ಜಿಯಲ್ಲಿ ಕ್ವಾಯರ್ ಇತ್ತು. ಮದುವೆಯ ಮುಂಚಿನ ರೋಸ್ ಶಾಸ್ತ್ರಕ್ಕೆ, ಮದುವೆಗೆ ಬ್ರಾಸ್ ಬ್ಯಾಂಡ್ ಇತ್ತು. ವಿಲ್ಫಿ ರೆಬಿಂಬಸ್ ಅವರ ಹಾಡು ಕೇಳದ ಕೊಂಕಣಿ ಮನೆಯೇ ಇರಲಿಲ್ಲ. ಪಂಕ್ ಮಾತ್ರ ಬಂದದ್ದು ಗಲ್ಫ್ ದಾರಿಯಲ್ಲಿ. ನಮ್ಮ ಗಿಟಾರಿಸ್ಟ್‌ನ ಕಸಿನ್ ಒಬ್ಬ ದುಬೈಯಿಂದ ರಜೆಗೆ ಬರುವಾಗ ರಮೋನ್ಸ್, ಕ್ಲ್ಯಾಶ್ ಅನ್ನುವ ಪಂಕ್ ಬ್ಯಾಂಡ್‌ಗಳ ಕ್ಯಾಸೆಟ್‌ಗಳನ್ನು ತಂದಿದ್ದ. ರಮೋನ್ಸ್‌ನ ಮೊದಲ ಆಲ್ಬಂ 1976ರದ್ದು. ಅದರಲ್ಲಿ 14 ಹಾಡು, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ಕಾಲೇಜ್ ಫೆಸ್ಟ್‌ಗಳಲ್ಲಿ ಒಂದು ತಂಡಕ್ಕೆ ಇಪ್ಪತ್ತು ನಿಮಿಷ ಸಿಕ್ಕಿದರೆ ಹೆಚ್ಚು. ಉಳಿದ ರಾಕ್ ಬ್ಯಾಂಡಿನವರು ಅಷ್ಟರಲ್ಲಿ ಮೂರು ನಾಲ್ಕು ಹಾಡು ನುಡಿಸಿದರೆ ನಮ್ಮವರು ಎಂಟು ಹತ್ತು ಮುಗಿಸಿ ಇಳಿಯುತ್ತಿದ್ದರು.

ಹಾಡುಗಳು ಅವರದ್ದೇ. ಕನ್ನಡದಲ್ಲಿ ಶುರುವಾಗಿ, ಸಿಟ್ಟು ಬಂದ ಕಡೆ ತುಳು ಆಗಿ, ಕೊನೆಗೆ ಕೊಂಕಣಿಯಲ್ಲಿ ಮುಗಿಯುವಂಥವು. ಸಿಟಿ ಬಸ್ಸುಗಳ ರೇಸ್ ಬಗ್ಗೆ ಒಂದು. ಕ್ಯಾಪಿಟೇಶನ್ ಫೀ ಬಗ್ಗೆ ಒಂದು. ವರದಕ್ಷಿಣೆಯ ಲೆಕ್ಕ ಹಾಕುವ ಮಾವನ ಬಗ್ಗೆ ಒಂದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗಲ್ಫ್‌ನ ಹಾಡು. ಫೋನ್ ಕಾಲ್ ದುಬಾರಿಯಾಗಿದ್ದ ಕಾಲದಲ್ಲಿ ಅಲ್ಲಿದ್ದವರು ತಮ್ಮ ಮಾತನ್ನು ಕ್ಯಾಸೆಟ್‌ನಲ್ಲಿ ತುಂಬಿಸಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಗಾಯಕನ ಅಪ್ಪ ಹಾಗೇ ಕಳಿಸುತ್ತಿದ್ದರು. ಅಪ್ಪ ಅಂದರೆ ಟೇಪ್ ರೆಕಾರ್ಡರ್‌ನಿಂದ ಬರುವ ಸ್ವರ ಅಂತ ತಿಳಿದುಕೊಂಡು ಬೆಳೆದ ಹುಡುಗನ ಹಾಡು ಅದು. ಎರಡು ನಿಮಿಷವೂ ಇಲ್ಲ. ಫೆಸ್ಟ್‌ಗಳಲ್ಲಿ ಅದಕ್ಕೆ ಹುಡುಗರು ಕುಣಿಯುತ್ತಿದ್ದರು, ಕುಣಿಯುತ್ತಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅರ್ಧ ಮಂಗಳೂರಿನ ಮನೆ ಕಥೆ ಅಲ್ವಾ ಅದು?

ಬ್ಯಾಂಡ್ ಒಡೆದದ್ದು ಮಣಿಪಾಲದ ಒಂದು ಫೆಸ್ಟ್ ಮುಗಿಸಿ ಬರುವ ರಾತ್ರಿ. ಟೆಂಪೋ ಬಿಡುತ್ತಿದ್ದವನು ನಾನು. ಗಿಟಾರಿಸ್ಟ್ ಆಗಲೇ ರಸಮಂಜರಿಗಳಲ್ಲಿ, ಮದುವೆ ರಿಸೆಪ್ಶನ್‌ಗಳಲ್ಲಿ ಸಿನಿಮಾ ಹಾಡಿಗೆ ನುಡಿಸಲು ಹೋಗುತ್ತಿದ್ದ. ಮನೆಯಲ್ಲಿ ತಂಗಿಯ ಫೀಸು ಕಟ್ಟುವುದಿತ್ತು. ಪಂಕ್ ನುಡಿಸಿದರೆ ಸಿಗುತ್ತಿದ್ದದ್ದು ಬಿರಿಯಾನಿ ಮತ್ತು ಸರ್ಟಿಫಿಕೇಟ್. ಅಷ್ಟರವರೆಗೆ ಯಾರೂ ಏನೂ ಹೇಳಲಿಲ್ಲ. ಆದರೆ ಒಂದು ರಿಸೆಪ್ಶನ್‌ನವರು ಕಾರ್ಯಕ್ರಮದ ಕಾರ್ಡಿನಲ್ಲಿ ಬ್ಯಾಂಡಿನ ಹೆಸರೇ ಹಾಕಿಬಿಟ್ಟಿದ್ದರು. ಗಾಯಕನಿಗೆ ಆ ಕಾರ್ಡು ಯಾರೋ ತೋರಿಸಿದರು. ಪಡುಬಿದ್ರಿ ಬರುವಾಗ ಮಾತು ಶುರುವಾಯಿತು. ಹೆಜಮಾಡಿ ದಾಟುವಾಗ ಹಳೆಯ ಲೆಕ್ಕಗಳೆಲ್ಲ ಹೊರಬಂದವು. ಆಂಪ್‌ಗೆ (ಗಿಟಾರ್‌ನ ಆಂಪ್ಲಿಫೈಯರ್‌ಗೆ) ಯಾರು ದುಡ್ಡು ಹಾಕಿದ್ದು, ಬಹುಮಾನದ ದುಡ್ಡು ಎಲ್ಲಿ ಹೋಯಿತು, ಹಾಡು ಬರೆದದ್ದು ಯಾರು. ಶಾಂಭವಿ ಸೇತುವೆ ದಾಟಿ ಮೂಲ್ಕಿಗೆ ಬಂದಾಗ ಗಾಯಕ 'ನಿಲ್ಲಿಸು' ಅಂದ. ಆಗ ಅದು ಎನ್‌ಎಚ್ 17, ಈಗಿನ 66. ಇಳಿದವನೇ ಒಂದು ಲಾರಿಗೆ ಕೈ ಹಿಡಿದು ಹತ್ತಿ ಹೋದ. ಉಳಿದ ದಾರಿ ಪೂರ್ತಿ ಯಾರೂ ಮಾತಾಡಲಿಲ್ಲ.

ಇಬ್ಬರ ಮಾತಿನಲ್ಲೂ ನ್ಯಾಯ ಇತ್ತು ಅಂತ ನಾನು ಅವತ್ತೂ ಹೇಳುತ್ತಿದ್ದೆ, ಇವತ್ತೂ ಹೇಳುತ್ತೇನೆ. ದುಡಿಯುವುದರಲ್ಲಿ ಏನು ತಪ್ಪು? ಹಾಗೆಯೇ, ನಾಲ್ವರ ಹೆಸರು ಮೂವರಿಗೆ ಗೊತ್ತಿಲ್ಲದೆ ಮದುವೆ ಕಾರ್ಡ್‌ನಲ್ಲಿ ಬಂದರೆ ನೋವಾಗುವುದಿಲ್ವಾ?

ಅಮೆರಿಕದಲ್ಲಿ ಜಾಬ್ರೇಕರ್ ಅಂತ ಮೂವರ ಪಂಕ್ ಬ್ಯಾಂಡ್ ಇದೆ. ಅವರ ಕಥೆ ಓದಿದಾಗ ನನಗೆ ಆ ಟೆಂಪೋ ನೆನಪಾಗಿ ಎದೆ ಹಿಂಡಿದಂತಾಯಿತು. ದೊಡ್ಡ ರೆಕಾರ್ಡ್ ಕಂಪನಿಗೆ ಹೋಗುವುದಿಲ್ಲ ಅಂತ ಹೇಳುತ್ತಾ ಬಂದವರು ಅವರು. ಕೊನೆಗೆ ಗೆಫೆನ್ ಕಂಪನಿಯ ಜೊತೆ ಸಹಿ ಹಾಕಿದರು. 1995ರಲ್ಲಿ ಆ ಆಲ್ಬಂ ಬಂದಾಗ ತಲೆ ಮೇಲೆ ಹೊತ್ತಿದ್ದ ಅಭಿಮಾನಿಗಳೇ ಮುಖ ತಿರುಗಿಸಿದರು. ಮರುವರ್ಷ ಟೂರ್ ವ್ಯಾನ್‌ನಲ್ಲಿ ಗಾಯಕ ಬ್ಲೇಕ್ ಶ್ವಾರ್ಟ್ಸೆನ್‌ಬಾಕ್‌ಗೂ ಬಾಸ್ ನುಡಿಸುವ ಕ್ರಿಸ್ ಬಾವರ್‌ಮೈಸ್ಟರ್‌ಗೂ ಹೊಡೆದಾಟವೇ ಆಯಿತು. ಬ್ಯಾಂಡ್ ಮುಗಿಯಿತು. ಮತ್ತೆ ಆ ಮೂವರು ದೊಡ್ಡ ಸ್ಟೇಜ್ ಹತ್ತಿದ್ದು 2017ರಲ್ಲಿ, ಚಿಕಾಗೋದ ರಯಟ್ ಫೆಸ್ಟ್‌ನಲ್ಲಿ. ನಡುವೆ 21 ವರ್ಷ. ಹೆಸರು, ದುಡ್ಡು, ಯಾರು ಯಾರನ್ನು ಕೇಳದೆ ಏನು ಮಾಡಿದರು. ಊರು ಯಾವುದಾದರೂ ಬ್ಯಾಂಡ್ ಒಡೆಯುವುದು ಇಂಥದ್ದಕ್ಕೇ ಅಂತ ಕಾಣುತ್ತದೆ.

ನಮ್ಮವರು ಚದುರಿ ಹೋದರು. ಡ್ರಮ್ಮರ್ ಕುವೈತ್‌ಗೆ, ಬಾಸ್ ನುಡಿಸುವವನು ಹಡಗಿಗೆ, ಗಿಟಾರಿಸ್ಟ್ ಬೆಂಗಳೂರಿನ ಆರ್ಕೆಸ್ಟ್ರಾಗಳಿಗೆ. ಗಾಯಕ ಉಡುಪಿಯಲ್ಲಿ ಮೇಷ್ಟ್ರಾದ. ಗಿಟಾರಿಸ್ಟ್‌ನ ಆಂಪ್ ಮತ್ತು ಡ್ರಮ್ ಸೆಟ್ ಕುಲಶೇಖರದ ಹತ್ತಿರ ಇರುವ ನಮ್ಮ ಗೋಡೌನ್‌ನ ಮೂಲೆಯಲ್ಲಿ ಉಳಿದವು. ಮಾರಿಬಿಡು ಅಂತ ಅಪ್ಪ ಹೇಳುತ್ತಿದ್ದರು. ನಾನು ಮಾರಲಿಲ್ಲ.

ಕೋವಿಡ್ ಸಮಯದಲ್ಲಿ ಕುವೈತ್‌ನ ಕೆಲಸ ಹೋಗಿ ಡ್ರಮ್ಮರ್ ಊರಿಗೆ ಬಂದ. ಕಾರ್ಯಕ್ರಮಗಳು ಮತ್ತೆ ಶುರುವಾದಾಗ ನನ್ನ ಜೊತೆಯೇ ಕೆಲಸಕ್ಕೆ ಸೇರಿದ. ಒಂದು ರಾತ್ರಿ ಬಂಟ್ವಾಳ ಕಡೆ ಯಕ್ಷಗಾನಕ್ಕೆ ಸೌಂಡ್ ಹಾಕಿದ್ದೆವು. ಯುದ್ಧದ ಸನ್ನಿವೇಶಕ್ಕೆ ಚೆಂಡೆ ಏರುತ್ತಿತ್ತು. ಇವನು ಮಿಕ್ಸರ್ ಪಕ್ಕ ಕೂತು ತೊಡೆ ಮೇಲೆ ಎರಡೂ ಕೈಯಲ್ಲಿ ಬಡಿಯುತ್ತಿದ್ದ. ಆಟ ಮುಗಿದ ಮೇಲೆ ವಯರ್ ಸುತ್ತುತ್ತಾ ಹೇಳಿದ: "ರಮೋನ್ಸ್‌ನ ಮೊದಲಿನ ನಾಲ್ಕು ಜನರಲ್ಲಿ ಈಗ ಒಬ್ಬನೂ ಇಲ್ಲ, ಗೊತ್ತುಂಟಾ? ನಾವು ನಾಲ್ಕು ಜನವೂ ಇದ್ದೇವೆ ಮಾರಾಯ. ಇದ್ದೂ ಸುಮ್ನೆ ಕೂತಿದ್ದೇವೆ."

ಶುರುವಾದದ್ದು ಅಲ್ಲಿಂದ.

ಗಿಟಾರಿಸ್ಟ್ ಒಂದೇ ಫೋನಿಗೆ ಒಪ್ಪಿದ. ಬಾಸಿನವನು ಹಡಗಿನಿಂದಲೇ ಮೆಸೇಜ್ ಮಾಡಿದ: ಡಿಸೆಂಬರ್‌ನಲ್ಲಿ ಸೈನ್ ಆಫ್ (ಹಡಗಿನಿಂದ ಇಳಿಯುವುದು), ಅಷ್ಟರಲ್ಲಿ ಹಾಡು ಕಲಿತಿರುತ್ತೇನೆ ಅಂತ. ಗಾಯಕ ಮಾತ್ರ ಜಗ್ಗಲಿಲ್ಲ. "ನಲವತ್ತು ದಾಟಿತು. ಈಗ ಮೈಕ್ ಹಿಡಿದು ಬೊಬ್ಬೆ ಹಾಕಿದರೆ ಮಕ್ಕಳು ಎಂತ ಹೇಳಿಯಾರು?" ಅಂದ. ಅವನಿಗೆ ನಾನು ಕ್ಲ್ಯಾಶ್‌ನ ಕಥೆ ಹೇಳಿದೆ. ಅವನದ್ದೇ ಪ್ರೀತಿಯ ಬ್ಯಾಂಡ್ ಅದು. 1983ರಲ್ಲಿ ಅದರ ಗಿಟಾರಿಸ್ಟ್ ಮಿಕ್ ಜೋನ್ಸ್‌ನನ್ನು ಬ್ಯಾಂಡಿನಿಂದ ತೆಗೆದುಹಾಕಿದ್ದರು. 2002ರ ನವೆಂಬರ್ 15ರಂದು ಲಂಡನ್ನಿನ ಆಕ್ಟನ್ ಟೌನ್ ಹಾಲ್‌ನಲ್ಲಿ ಅಗ್ನಿಶಾಮಕ ಸಿಬ್ಬಂದಿಯ ಸಹಾಯಕ್ಕೆ ಕ್ಲ್ಯಾಶ್‌ನ ಗಾಯಕನಾಗಿದ್ದ ಜೋ ಸ್ಟ್ರಮ್ಮರ್ ತನ್ನ ಹೊಸ ತಂಡದ ಜೊತೆ ಹಾಡುತ್ತಿದ್ದ. ಕೇಳಲು ಬಂದಿದ್ದ ಮಿಕ್ ಜೋನ್ಸ್ ಯಾರೂ ಕರೆಯದೆ ಎದ್ದು ಹೋಗಿ ಸ್ಟೇಜ್ ಹತ್ತಿದ. ಇಬ್ಬರೂ ಹಳೆಯ ಹಾಡುಗಳನ್ನು ಒಟ್ಟಿಗೆ ನುಡಿಸಿದರು. ಅದೇ ಡಿಸೆಂಬರ್ 22ರಂದು ಸ್ಟ್ರಮ್ಮರ್ ತೀರಿಕೊಂಡ. ಹೃದಯದಲ್ಲಿ ಹುಟ್ಟಿನಿಂದಲೇ ತೊಂದರೆ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಐವತ್ತೇ ವರ್ಷ ಅವನಿಗೆ.

ಫೋನಿನಲ್ಲಿ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಗಿಟಾರಿಸ್ಟ್‌ನ ಬಗ್ಗೆ "ಅವನನ್ನೂ ಕರ್ಕೊಂಡು ಉಡುಪಿಗೆ ಬಾ. ಆದರೆ ಮೊದಲು ಮಾತು, ಆಮೇಲೆ ಹಾಡು" ಅಂದ.

ಉಡುಪಿ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲ್ ಒಂದರಲ್ಲಿ ಕೂತೆವು. ಗೋಳಿಬಜೆ ತಣ್ಣಗಾಯಿತು. ಯಾರೂ ಕ್ಷಮೆ ಕೇಳಲಿಲ್ಲ. ಅದನ್ನು ನಿರೀಕ್ಷಿಸಿ ಬಂದಿದ್ದರೆ ಎರಡನೇ ಕಾಫಿಗೆ ಮೊದಲೇ ಎದ್ದು ಹೋಗುತ್ತಿದ್ದರೋ ಏನೋ. ಗಾಯಕ ನನ್ನ ಬಿಲ್ ಬುಕ್ ತೆಗೆದುಕೊಂಡು ಒಂದು ಹಾಳೆಯ ಹಿಂದೆ ಬರೆಯತೊಡಗಿದ. ಬ್ಯಾಂಡಿನ ಹೆಸರು ನಾಲ್ವರದ್ದು. ನಾಲ್ವರೂ ಒಪ್ಪದೆ ಎಲ್ಲೂ ಹಾಕುವಂತಿಲ್ಲ. ಅವರವರ ಹೊಟ್ಟೆಪಾಡಿಗೆ ಯಾರು ಎಲ್ಲಿ ಏನು ನುಡಿಸಿದರೂ ಉಳಿದವರು ಕೇಳುವಂತಿಲ್ಲ. ಹಾಡು ಬರೆದವರು ಯಾರು ಅಂತ ಪ್ರತಿ ಹಾಡಿಗೂ ಅಲ್ಲೇ ಕೂತು ಬರೆದರು. ಒಂದೆರಡು ಕಡೆ ಜೋರು ಮಾತೂ ಆಯಿತು. ಬಂದ ದುಡ್ಡಿನಲ್ಲಿ ಖರ್ಚು ಕಳೆದು ಐದು ಪಾಲು ಅಂತ ಗಿಟಾರಿಸ್ಟ್ ಬರೆಸಿದ. ಐದನೆಯದು ಸೌಂಡ್‌ನವನಿಗೆ. ನಾನು ಬೇಡ ಅಂದೆ. "ಬೇಡ ಅಂತ ಹೇಳಿ ಹೇಳಿಯೇ ಮೊದಲು ಹಾಳಾದದ್ದು" ಅಂದ ಗಾಯಕ. ಸಹಿ ಹಾಕಿದೆ. ಬಾಸಿನವನಿಗೆ ಅದರ ಫೋಟೋ ಹೋಯಿತು. ಅವನಿಂದ 'ಓಕೆ' ಬಂತು.

ಪ್ರ್ಯಾಕ್ಟೀಸ್ ಶುರುವಾದದ್ದು ಮಳೆಗಾಲದಲ್ಲಿ. ಮಂಗಳೂರಿನ ಮಳೆಗೆ, ಉಪ್ಪುಗಾಳಿಗೆ ಸಿಕ್ಕಿದ ಸಾಮಾನಿನ ಗತಿ ಎಲ್ಲರಿಗೂ ಗೊತ್ತು. ಆಂಪ್‌ನ ಹೊರಗಿನ ಬಟ್ಟೆಗೆ ಬೂಷ್ಟು ಹಿಡಿದಿತ್ತು. ವಾಲ್ಯೂಮ್ ತಿರುಗಿಸಿದರೆ ಕರಕರ. ಬಿಚ್ಚಿ, ಒಂದೊಂದು ನಾಬ್‌ನ ಒಳಗೂ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಿಂದೆ ಮುಂದೆ ತಿರುಗಿಸುತ್ತಾ ಕೂತೆ. ಹಸಿರು ಕಿಲುಬು ಕರಗಿ ಬೆರಳಿಗೆ ಅಂಟುತ್ತಿತ್ತು. ಸ್ಪೀಕರ್‌ನ ಕೋನ್ ಹರಿದಿತ್ತು, ರೀಕೋನ್ ಮಾಡಿಸಿದೆ. ಡ್ರಮ್ಮಿನ ಸ್ಕಿನ್ ಎಲ್ಲ ಹೊಸದು ಹಾಕಿಸಿದೆವು. ಕಬ್ಬಿಣದ ಸ್ಟ್ಯಾಂಡುಗಳ ತುಕ್ಕು ಕೆರೆಯುವುದು ಡ್ರಮ್ಮರ್‌ನ ಮಗಳಿಗೆ ಖುಷಿಯ ಕೆಲಸವಾಯಿತು.

ಸಾಮಾನು ಸರಿಯಾದದ್ದು ಬೇಗ. ಕೈಗಳು ಸರಿಯಾಗಲು ಸಮಯ ಹಿಡಿಯಿತು. ಪಂಕ್ ಸುಲಭ, ಗಿಟಾರ್‌ನಲ್ಲಿ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಂದರೆ ಸಾಕು ಅಂತಾರೆ. ನುಡಿಸಿ ನೋಡಲಿ. ರಮೋನ್ಸ್‌ನ ಜಾನಿ ರಮೋನ್ ಗಿಟಾರ್ ತಂತಿಯನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಹೊಡೆಯುತ್ತಿದ್ದ. ಹೋಗುತ್ತಾ ಬರುತ್ತಾ ಹೊಡೆದರೆ ಅರ್ಧ ಶ್ರಮ ಸಾಕು, ಆದರೆ ಆ ಗಡಸು ಸಿಗುವುದಿಲ್ಲ. ನಮ್ಮ ಗಿಟಾರಿಸ್ಟ್ ಬೆಂಗಳೂರಿನಿಂದ ವಾರದ ಕೊನೆಗೆ ಬಸ್ಸಿನಲ್ಲಿ ಬಂದು ಮೊದಲ ಹಾಡು ನುಡಿಸಿದಾಗ ಎಲ್ಲವೂ ಚೆಂದ, ನಯ. ಡ್ರಮ್ಮರ್ ನಿಲ್ಲಿಸಿದ. "ಇದು ರಿಸೆಪ್ಶನ್ ಆಯ್ತು. ಕೆಳಗೆ ಮಾತ್ರ ಹೊಡಿ" ಅಂದ. ಆ ಮಾತಿಗೆ ಹಿಂದಿನ ಕಾಲದಲ್ಲಾದರೆ ಜಗಳವೇ ಆಗುತ್ತಿತ್ತು. ಈಗ ಅವನು ತಲೆ ಆಡಿಸಿ ಪಿಕ್ ತಿರುಗಿಸಿ ಹಿಡಿದ.

ಮೆಟ್ರೋನೋಮ್ ಇಟ್ಟುಕೊಂಡು ನಿಮಿಷಕ್ಕೆ 150 ಬೀಟ್‌ನಿಂದ ಶುರು ಮಾಡಿದರು. ಸರಿಯಾದರೆ ಐದು ಏರಿಸುವುದು. 190 ತಲುಪಬೇಕಿತ್ತು. ವಯಸ್ಸಾಯಿತು, ಸ್ವಲ್ಪ ನಿಧಾನ ಮಾಡೋಣ ಅಂತ ನಾನೇ ಒಮ್ಮೆ ಕೇಳಿದೆ. ಮೂವರೂ ಒಟ್ಟಿಗೆ ಬೇಡ ಅಂದರು. ಅದು ನನಗೆ ತುಂಬ ಇಷ್ಟವಾಯಿತು. ನಿಧಾನ ಮಾಡಿದರೆ ಆ ಹಾಡುಗಳು ಬರೀ ನೆನಪಾಗುತ್ತವೆ. ಕೈ ನೋಯಲಿ, ಆದರೆ ವೇಗ ಬರಲಿ ಅಂತ ಹಠ ಹಿಡಿದರು. ಮುಂಗೈಗೆ ಎಣ್ಣೆ ತಿಕ್ಕಿ ಬಟ್ಟೆ ಕಟ್ಟಿಕೊಂಡು ನುಡಿಸಿದರು. ಗಾಯಕ ಮೇಷ್ಟ್ರ ಕೆಲಸದಿಂದ ಗಂಟಲು ಕೆಡಿಸಿಕೊಂಡಿದ್ದ. ಗಂಟಲಿನಿಂದ ಕೂಗದೆ ಹೊಟ್ಟೆಯಿಂದ ಸ್ವರ ತೆಗೆಯುವುದನ್ನು ಪರಿಚಯದ ಭಾಗವತರೊಬ್ಬರ ಹತ್ತಿರ ಕೇಳಿ ಕಲಿತ.

ಸೌಂಡ್‌ನ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಅಪ್ಪನ ಪಾಠ. ಆಟದಲ್ಲಿ ಭಾಗವತರ ಪಕ್ಕದಲ್ಲೇ ಚೆಂಡೆ ಇರುತ್ತದೆ. ಭಾಗವತರ ಮೈಕಿಗೆ ಚೆಂಡೆ ಹೊಕ್ಕಿತೋ, ಪದ್ಯ ಮುಳುಗಿತು. ಮೈಕಿನ ಬೆನ್ನು ಚೆಂಡೆಗೆ ಕೊಡು ಅಂತ ಅಪ್ಪ ಹೇಳುತ್ತಿದ್ದರು. ಹಾಡುವ ಮೈಕ್ ಎದುರಿನಿಂದ ಬಂದದ್ದನ್ನು ಹೀರುತ್ತದೆ, ಹಿಂದಿನದ್ದನ್ನು ಬಿಡುತ್ತದೆ. ಡ್ರಮ್‌ಗೂ ಅದೇ ಲೆಕ್ಕ. ಗಾಯಕನಿಗೆ ಒಂದು ಹಳೆಯ ಅಭ್ಯಾಸ ಇತ್ತು, ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವುದು. ಹಾಗೆ ಹಿಡಿದರೆ ಮೈಕ್ ಎಲ್ಲ ದಿಕ್ಕಿನಿಂದಲೂ ಹೀರುತ್ತದೆ, ಕೂಡಲೇ 'ಕೂಂ' ಅಂತ ಕೂಗು ಬರುತ್ತದೆ. ಮೈಕಿನ ಹಿಡಿಯ ಮೇಲೆ ಕೆಂಪು ಟೇಪ್ ಸುತ್ತಿ, ಬೆರಳು ಇದರಿಂದ ಮೇಲೆ ಬರಬಾರದು ಅಂದೆ. ಒಪ್ಪಿದ.

ಗಲ್ಫ್ ಹಾಡನ್ನು ಎಲ್ಲಕ್ಕಿಂತ ಕೊನೆಗೆ ಎತ್ತಿಕೊಂಡರು. ಎರಡನೇ ಚರಣ ಮುಗಿಯುವಷ್ಟರಲ್ಲಿ ಡ್ರಮ್ ನಿಂತಿತು. ಡ್ರಮ್ಮರ್ ಕೋಲು ಕೆಳಗಿಟ್ಟು ಕೂತಿದ್ದ. ಅಷ್ಟು ವರ್ಷ ಕುವೈತ್‌ನಲ್ಲಿದ್ದು ಮಗಳ ಮೊದಲ ಮಾತು, ಮೊದಲ ಶಾಲೆ ಎಲ್ಲ ಫೋನಿನಲ್ಲೇ ಕೇಳಿದವನು ಅವನು. ಕಾಲೇಜಿನಲ್ಲಿ ಆ ಹಾಡಿಗೆ ನುಡಿಸುವಾಗ ಅವನು ಮಗನ ಕಡೆ ಇದ್ದ. ಈಗ ಟೇಪ್‌ನೊಳಗಿನ ಅಪ್ಪನೇ ಅವನಾಗಿದ್ದ. ಗಾಯಕ ಹತ್ತಿರ ಹೋಗಿ "ಬೇಕಾದರೆ ಬದಲು ಮಾಡುವಾ. ಕ್ಯಾಸೆಟ್ ಈಗ ಯಾರಿಗೂ ಗೊತ್ತಿಲ್ಲ. ವಾಟ್ಸಾಪ್ ಅಂತ ಹಾಕಿದರೂ ಆಗ್ತದೆ" ಅಂದ. "ಬೇಡ. ಒಂದು ಅಕ್ಷರ ಮುಟ್ಟಬೇಡ" ಅಂದ ಡ್ರಮ್ಮರ್. ಮುಖ ತೊಳೆದುಕೊಂಡು ಬಂದು ಮತ್ತೆ ಶುರು ಮಾಡಿದ. ಅವತ್ತೇ 190 ಬಂತು.

ಹಾಲ್ ಹುಡುಕುವುದು ಬೇರೆಯೇ ಪಾಡು. ಪಂಕ್ ಅಂದ ಕೂಡಲೇ ಒಂದು ಕಡೆಯವರು ಗಲಾಟೆ ಆಗ್ತದೆ ಅಂತ ಫೋನ್ ಇಟ್ಟರು. ಇನ್ನೊಂದು ಕಡೆ ಬಾಡಿಗೆ ಕೇಳಿ ನಾವೇ ಬಿಟ್ಟೆವು. ಕೊನೆಗೆ ಬಿಜೈ ಕಡೆ ಒಂದು ಸಣ್ಣ ಹಾಲ್ ಸಿಕ್ಕಿತು. ಬಯಲಿನಲ್ಲಿ ಮಾಡೋಣ ಅಂತ ಗಿಟಾರಿಸ್ಟ್‌ಗೆ ಆಸೆ ಇತ್ತು. ಆದರೆ 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಗಲಿಗೂ ಮಿತಿ ಉಂಟು, ಮನೆಗಳಿರುವ ಕಡೆ 55 ಡೆಸಿಬೆಲ್. ಒಂದು ಸ್ನೇರ್ ಡ್ರಮ್ ಮೈಕ್ ಇಲ್ಲದೆಯೇ ಅದನ್ನು ದಾಟುತ್ತದೆ. ಇದೇ ಹತ್ತು ಗಂಟೆಯ ಗೆರೆಯಿಂದ ಎಷ್ಟೋ ಕಡೆ ಇಡೀ ರಾತ್ರಿಯ ಆಟ ಕಾಲಮಿತಿಗೆ ಬಂದದ್ದನ್ನು ನಾನು ನೋಡಿದ್ದೇನೆ. ನಾವು ಹಾಲ್‌ನ ಒಳಗೇ, ಸಂಜೆ ಏಳಕ್ಕೆ ಶುರು ಅಂತ ಇಟ್ಟುಕೊಂಡೆವು. ಸ್ಟೇಶನ್‌ಗೂ ಒಂದು ಅರ್ಜಿ ಕೊಟ್ಟು ಬಂದೆವು. ಮರುದಿನ ಯಾರೂ ಬಂದು ಕೇಳಬಾರದು ಅಲ್ವಾ.

ಬಾಸಿನವನು ಬಂದದ್ದು ಕಾರ್ಯಕ್ರಮಕ್ಕೆ ಒಂದು ವಾರ ಮೊದಲು. ನಾನು ಕಳಿಸುತ್ತಿದ್ದ ರೆಕಾರ್ಡಿಂಗ್‌ಗಳನ್ನು ಹಡಗಿನ ಕ್ಯಾಬಿನ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿ ಕಲಿತಿದ್ದ. ನಾಲ್ವರಲ್ಲಿ ಒಂದೂ ಸ್ವರ ತಪ್ಪದವನು ಅವನೇ.

ಆ ಸಂಜೆ ಹಾಲ್ ತುಂಬಿತು. ಹಳೆಯ ಮುಖಗಳು ಮಕ್ಕಳನ್ನು ಕರೆದುಕೊಂಡು ಬಂದಿದ್ದವು. ಈಗಿನ ಕಾಲೇಜ್ ಹುಡುಗರೂ ಇದ್ದರು, ಇವರಿಗೆ ಹೇಗೆ ಗೊತ್ತಾಯಿತೋ. ಬಸ್ ರೇಸಿನ ಹಾಡಿನ ನಡುವೆ ಕರೆಂಟ್ ಹೋಯಿತು. ಜನರೇಟರ್ ಹಾಕಲು ನಾನು ಓಡಿದೆ. ಕತ್ತಲಲ್ಲಿ ಡ್ರಮ್ ಮಾತ್ರ ನಿಲ್ಲಲಿಲ್ಲ. ಗಿಟಾರಿಸ್ಟ್ ಗಿಟಾರ್ ಬೆನ್ನಿಗೆ ಹಾಕಿ ಸ್ಟೇಜಿನ ಅಂಚಿಗೆ ಬಂದು ಎರಡೂ ಕೈ ಮೇಲೆತ್ತಿ ಜನರಿಂದ ಚಪ್ಪಾಳೆ ತೆಗೆಸಿದ. ಎಡಕ್ಕೆ ಒಂದು ತಾಳ, ಬಲಕ್ಕೆ ಇನ್ನೊಂದು. ನೂರಾರು ರಸಮಂಜರಿಗಳಲ್ಲಿ ಕಲಿತದ್ದು ಅದು. ಲೈಟ್ ಬರುವಷ್ಟರಲ್ಲಿ ಇಡೀ ಹಾಲ್ ಒಂದೇ ತಾಳದಲ್ಲಿತ್ತು. ಗಾಯಕ ಅವನ ಹೆಗಲ ಮೇಲೆ ಕೈ ಹಾಕಿ ಮೈಕಿನಲ್ಲಿ ಹೇಳಿದ: "ಇವನು ಆರ್ಕೆಸ್ಟ್ರಾದಲ್ಲಿ ನುಡಿಸಿದ್ದಕ್ಕೆ ಇವತ್ತು ಬಚಾವ್." ಅವರಿಬ್ಬರ ನಡುವೆ ಆ ಹಳೆಯ ವಿಷಯಕ್ಕೆ ಬಂದ ಮಾತು ಅದೊಂದೇ. ಸಾಕಾಗಿತ್ತು. ಗಲ್ಫ್ ಹಾಡು ಬಂದಾಗ ಡ್ರಮ್ಮರ್‌ನ ಮಗಳು ಎದುರು ಸಾಲಿನಲ್ಲಿ ನಿಂತು ಪೂರ್ತಿ ಹಾಡಿದಳು.

ಹಾಲ್ ಬಾಡಿಗೆ, ಡೀಸೆಲ್, ಟೆಂಪೋ ಎಲ್ಲ ಕಳೆದು ಉಳಿದದ್ದು ಸ್ವಲ್ಪ. ಅಲ್ಲೇ ಐದು ಪಾಲು ಮಾಡಿ ಹಂಚಿದರು. ಜನವರಿಯಲ್ಲಿ, ಬಾಸಿನವನು ಮತ್ತೆ ಹಡಗಿಗೆ ಹೋಗುವ ಮೊದಲು, ಗೋಡೌನ್‌ನಲ್ಲೇ ಎಲ್ಲ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡೆವು. ಗಾಯಕ ಹೊಸದೊಂದು ಬರೆದಿದ್ದಾನೆ. ಅದಕ್ಕೆ ಚೆಂಡೆ ಬೇಕೇ ಬೇಕು ಅಂತ ಡ್ರಮ್ಮರ್ ಪಟ್ಟು ಹಿಡಿದಿದ್ದಾನೆ, ಬೇಡ ಅಂತ ಗಾಯಕ. ಗ್ರೂಪಿನಲ್ಲಿ ದಿನಾ ಅದೇ ಚರ್ಚೆ. ಗಿಟಾರಿಸ್ಟ್ ಈ ಶನಿವಾರ ಬಂದ ಮೇಲೆ ಎರಡೂ ತರ ನುಡಿಸಿ ನೋಡುವುದು ಅಂತ ತೀರ್ಮಾನ ಆಗಿದೆ. ಚೆಂಡೆಯವರಿಗೆ ನಾನು ಹೇಳಿಯೂ ಆಯಿತು.